ನ ಇದ್ದಲ್ಲೆಲ್ಲಾ

ಬೆಟಗೇರಿಯಿಂದ ಮಕ್ತುಮ ಬಂದ, ಕೀಲಿಕೈ ಗೊಂಚಲದಾಗ
ಉಗುರಿನಷ್ಟು ಪೆನ್ ಡ್ರೈವ್ ತೂಗಬಿಟ್ಟುಕೊಂಡು.
"ಹಳೇದೆಲ್ಲಾ ಅಳಿಸಿ ಹೋಗತೈತ್ರಿ ಅಕ್ಕಾ. ಕಾಪಿ ಇಟ್ಟೀರಿಲ್ಲೋ?"
ಇಟ್ಟೀನಿ ಅಂದೆ. ಮತ್ತೊಮ್ಮೆ ಕೇಳಿದ,
ಆಪರೇಷನ್ನಿಗೆ ಮೊದಲು ಸಹಿ ಹಾಕಿಸಿಕೊಳ್ಳೋ ನರ್ಸಿನಂಗ.

ಗದಗ ತಹಶೀಲ್ದಾರ ಕಚೇರಿ ಎದುರಿಗೆ ನನ್ನ ಡಬ್ಬಿ ಅಂಗಡಿ.
ಲ್ಯಾಪ್‌ಟಾಪಿಗೆ ಹನ್ನೆರಡು ವರ್ಷ,
ಬಿಜಾಗ್ರಿ ಮುರದು, ಬೆನ್ನಿಗೆ ಇಟ್ಟಂಗಿ ಆನಿಸೀನಿ.
ನ ಬಡಿಯೋ ಕೀಲಿ ಸವದು ಬೋಳಾಗೇತಿ.
ಚಾಲೂ ಮಾಡಿ ಚಾ ಕುಡದು ಬಂದ್ರೂ
ಗುಂಡಗ ತಿರಗೂದು ಬಿಡ್ತಿರಲಿಲ್ಲ.

ಕಡೀ ಗುಂಡಿ ನನ್ನ ಕೈಲೇ ಒತ್ತಿಸಿದ.
ಪರದೆ ಕಪ್ಪಾತು. ನಲವತ್ತು ನಿಮಿಷ.
ಬಂದವರು ಇಣುಕಿ ಮುಂದಿನ ಅಂಗಡಿಗೆ ಹ್ವಾದ್ರು,
ಒಬ್ಬಾಕಿ ಮಾತ್ರ ಕುಂತ್ಲು ಕಟ್ಟಿ ಮ್ಯಾಲೆ:
ಆಧಾರಿನ್ಯಾಗ ಸಾವಿತ್ರಿ, ಉತಾರದಾಗ ಶಾವಂತ್ರೆವ್ವ,
ಇಬ್ಬರೂ ಒಬ್ಬಾಕಿನ ಅಂತ ಬರದು ಕೊಡಬೇಕು.

ಹೊಸ ಪರದೆ ಎದ್ದಿತು.
ಸುಣ್ಣ ಹಚ್ಚಿದ ಬಸ್‌ಸ್ಟ್ಯಾಂಡು, ಒಂದೂ ಬಸ್ಸಿಲ್ಲ.
ನಮೂನೆಗಂತ ಹಳೇ ಅಫಿಡವಿಟ್ ತೆಗೆದೆ.
ಕನ್ನಡ ಇದ್ದಿಲ್ಲ.
ತಲಿ ಮ್ಯಾಲೆ ಗೀಟು ಹೊತ್ತ ಇಂಗ್ಲಿಷ್ ಅಕ್ಷರ,
ಕಂಡಕಂಡಲ್ಲಿ ಎರಡೆರಡು ಚುಕ್ಕಿ,
ನ ಇದ್ದಲ್ಲೆಲ್ಲಾ ಪೌಂಡಿನ ಗುರ್ತು.
ನಾನು ಅಂದಲ್ಲಿ ಎರಡು ಪೌಂಡು.
ಹನ್ನೆರಡು ವರ್ಷ ಮಂದಿ ಮಾಡಿದ ಪ್ರಮಾಣ
ಬ್ರಿಟಿಷರ ರೊಕ್ಕ ಆಗಿ ಬಿದ್ದಿತ್ತು.

"ಫಾಂಟು ಹಳೇದ್ರಿ, ಇದಕ್ಕ ಗುರ್ತು ಹತ್ತವಲ್ದು,"
ತಲಿ ತುರಿಸಿದ ಮಕ್ತುಮ.
"ಬದಲಿ ಮಾಡಾಕ ಬರತೈತಿ. ಒತ್ತಕ್ಷರ ಅಷ್ಟು ಕೆಡತಾವು."

ಅಪ್ಪ ಪ್ರೆಸ್ಸಿನ್ಯಾಗ ಮೊಳಿ ಜೋಡಸ್ತಿದ್ದ.
ತಲಿಕೆಳಗಾದ ಸೀಸದ ಸಾಲು ಗಡಗಡ ಓದಾಂವ,
ಮನ್ಯಾಗ ನೆಟ್ಟಗಿದ್ದ ಪೇಪರಿಗೆ ತಡವರಸ್ತಿದ್ದ.
ಪ್ರೆಸ್ ಮುಚ್ಚಿ ಮೊಳಿ ಕಿಲೋ ಲೆಕ್ಕ ತೂಗಿದ ದಿನ
ಒಂದು ಳ ಕಿಸೆದಾಗ ಹಾಕ್ಕೊಂಡು ಬಂದ.
ಯಾಕ ಳ? ಕೈಗೆ ಸಿಕ್ಕದ್ದು ಅದು.

ನೋಡ್ತ ಕುಂತೆ. ಪೌಂಡು, ಚುಕ್ಕಿ, ಗೀಟು.
ಬೆರಳಿಗೆ ಗೊತ್ತಿದ್ದದ್ದು ಕಣ್ಣಿಗೆ ಹತ್ತಿತು:
"ನಾನು... ಕೆಳಗೆ ಸಹಿ ಮಾಡಿದ... ಸತ್ಯವಾಗಿ..."
"ಅದ್ಯಾವ ಭಾಷಾ ಯವ್ವಾ?" ಅಂದ್ಲು ಶಾವಂತ್ರೆವ್ವ.
"ನಮ್ಮದ. ಯಾಸ ಹಾಕೇತಿ."

ಮಕ್ತುಮ ಮುನ್ನೂರು ಇಸಕೊಂಡು ಹ್ವಾದ.
ಹೊಸ ಫೈಲಿನ್ಯಾಗ ಬೋಳ ಕೀಲಿ ಬಡದೆ:
ನಾನು
ಆಕಿ ಬಗ್ಗಿ ನೋಡಿ ಕೇಳಿದ್ಲು,
"ಇಷ್ಟಕ್ಕ ಎಷ್ಟು ರೊಕ್ಕ?"