ಕಿವಿ ಚುಚ್ಚಿಸದ ಫೋನು

ಕೆಸರೆಯ ಸಣ್ಣತಾಯಮ್ಮ
ಅಂಗಡಿಯ ಗಾಜಿನ ಮೇಲೆ ಹೊಸ ಫೋನು ಇಟ್ಟರು.
ಮೇಲೆ ಕೆಳಗೆ ತಿರುಗಿಸಿ, ಅಂಚು ಸವರಿ,
"ಏನ್ ಮುನವ್ವರಣ್ಣ, ಇದ್ಕೆ ಕಿವಿ ಚುಚ್ಚಿಸ್ನಿಲ್ವಾ?" ಅಂದರು.

ನಕ್ಕೆ. ಆಮೇಲೆ ನಗು ನಿಂತಿತು.
ಸೊಂಟದ ಚೀಲದಿಂದ ಅವರು ತೆಗೆದದ್ದು
ಆರು ವರ್ಷದ ಇಯರ್‌ಫೋನ್ ವೈರು.
ಒಂದು ಕಿವಿಯದು ಎಂದೋ ಉದುರಿದೆ,
ಇನ್ನೊಂದಕ್ಕೆ ದಾರ ಸುತ್ತಿದೆ,
ತುದಿಯ ಪಿನ್ನು ಮಾತ್ರ ಮೂಗುಬೊಟ್ಟಿನ ಹಾಗೆ ಫಳಫಳ.

ಕೇಳುವುದಕ್ಕಲ್ಲವಂತೆ ಆ ವೈರು,
ಕಿಟಕಿಯ ಮೊಳೆಗೆ ನೇತುಹಾಕುವುದಕ್ಕೆ.
ಅದನ್ನು ಚುಚ್ಚಿದರೆ ಮಾತ್ರ ಹಳೆಯ ಫೋನಿಗೆ ಯಾದವಗಿರಿ ಸಿಗುತ್ತಿತ್ತು.
ಆಕಾಶವಾಣಿ ಎಂದು ಹೆಸರಿಟ್ಟ ಊರಲ್ಲಿ
ಆಕಾಶ ಮನೆಗಿಳಿಯುತ್ತಿದ್ದದ್ದು ಎರಡು ಮೊಳ ತಂತಿ ಹಿಡಿದು.

ಜೋರಾಗಿ ಹಾಕಿ ನಡುವೆ ಇಟ್ಟರೆ
ಸುತ್ತ ಆರು ಹೆಂಗಸರು, ಆರು ಮಣೆ,
ಇದ್ದಿಲು ಹಿಟ್ಟು, ಜಿಗಟು ಕಲಸಿದ ಕಪ್ಪು ಮುದ್ದೆ,
ಕಡ್ಡಿಯ ಮೇಲೆ ಹೊರಳುವ ಅಂಗೈ.
ವಾರ್ತೆಯ ಹೊತ್ತಿಗೆ ಒಂದು ಸಾವಿರ,
ಚಿತ್ರಗೀತೆ ಮುಗಿಯುವಾಗ ಇನ್ನೊಂದು.
ಕೈಗೆ ಬಿಡುವಿಲ್ಲ. ಬಿಡುವಿದ್ದದ್ದು ಕಿವಿಗೆ.

ಹಳೆಯದು ನೀರಿನ ಡ್ರಮ್ಮಿಗೆ ಬಿತ್ತಂತೆ.
ಚೀಟಿ ದುಡ್ಡು ಎತ್ತಿ ಇದನ್ನು ಕೊಂಡದ್ದು.
ಇದರ ಗಾಜು ಅವರ ಬೆರಳನ್ನು ಒಪ್ಪುವುದಿಲ್ಲ;
ಒತ್ತುತ್ತಾರೆ, ಸೆರಗಿಗೆ ಒರೆಸಿ ಮತ್ತೆ ಒತ್ತುತ್ತಾರೆ.
ಇಪ್ಪತ್ತು ವರ್ಷ ಕಡ್ಡಿ ಹೊಸೆದು ರೇಖೆ ಸವೆದಿದೆ.
ರೇಷನ್ ಅಂಗಡಿಯ ಯಂತ್ರವೂ ಹೀಗೇ,
ನೀವು ನೀವಲ್ಲ ಅನ್ನುತ್ತದಂತೆ.
ಹಳೆಯದರಲ್ಲಿ ಐದರ ಗುಂಡಿಯ ಮೇಲೆ ಸಣ್ಣ ಗುಳ್ಳೆಯಿತ್ತು.
ಕತ್ತಲಲ್ಲಿ ಅದೊಂದು ಸಿಕ್ಕಿದರೆ ಸಾಕು,
ಸುತ್ತಲ ಎಂಟು ಅಂಕಿಯೂ ಊಟಕ್ಕೆ ಕೂತ ಮಕ್ಕಳ ಹಾಗೆ
ತಮ್ಮ ತಮ್ಮ ಜಾಗದಲ್ಲಿ.

ಮುಂದೆ ಹೋಗುವುದು ಅಂದರೆ ಇದೇ ಅನ್ನುತ್ತಾರೆ ಕಂಪನಿಯವರು.
ಇರಬಹುದು.
ಅಬ್ಬಾ ಇದೇ ಜಾಗದಲ್ಲಿ ವಾಲ್ವ್ ರೇಡಿಯೊ ರಿಪೇರಿ ಮಾಡುತ್ತಿದ್ದರು.
ಟ್ರಾನ್ಸಿಸ್ಟರ್ ಬಂದಾಗ ಗೊಣಗಿದರು,
ಕಾಯಲಿಕ್ಕೇ ಬಿಡೋದಿಲ್ಲವಲ್ಲ ಇದು ಎಂದು.
ಗುಂಡಿ ತಿರುಗಿಸಿ, ವಾಲ್ವು ಕೆಂಪಾಗುವವರೆಗೆ
ಒಂದು ಗುಟುಕು ಚಹಾ ಕುಡಿಯುವ ಹೊತ್ತು ಹೋಯಿತಲ್ಲ ಎಂದು.
ಹುಡುಗ ನಾನು, ನಕ್ಕಿದ್ದೆ.
ಅಬ್ಬಾ ಹೇಳಿದ್ದು ಸರಿ ಎಂದು ಈಗಲೂ ಅನ್ನಿಸುವುದಿಲ್ಲ.
ರೇಡಿಯೊವನ್ನು ಎತ್ತಿನಗಾಡಿಯ ಗೂಟಕ್ಕೆ ನೇತುಹಾಕಿದ್ದು
ಆ ಟ್ರಾನ್ಸಿಸ್ಟರೇ ತಾನೆ?

ಇಲ್ಲಿ ತೂತು ಮುಚ್ಚಿದರು.
ಮುಚ್ಚಿದ ತೂತಿಗೆ ಮುನ್ನೂರು ರೂಪಾಯಿಯ ಬಾಲ ಮಾರುತ್ತಾರೆ.
ಮಾರುತ್ತಾರೆ ಏನು, ಮಾರುವವನು ನಾನೇ.
ಗೋಡೆ ತುಂಬ ನೇತಾಡುತ್ತಿವೆ, ಬಿಳಿಯವು, ಕರಿಯವು;
ಮಂಡಿ ಮೊಹಲ್ಲಾದ ಈ ಎಂಟಡಿ ಅಂಗಡಿಯ ಬಾಡಿಗೆ
ಅವುಗಳ ಋಣ.

ಒಂದು ಬಾಲ ಸಿಕ್ಕಿಸಿ ತೋರಿಸಿದೆ.
ಹಾಡು ಬಂತು, ಡೇಟಾ ನುಂಗುವ ಹಾಡು.
ರೇಡಿಯೊ ಬರಲಿಲ್ಲ. ಒಳಗೆ ಅದಕ್ಕೆ ಗೂಡೇ ಇಟ್ಟಿಲ್ಲ.
ತಂತಿಯೇ ಬೇಡದ ಬಿಳಿ ಬೀಜಗಳ ಡಬ್ಬಿ ತೆರೆದೆ.
"ನನ್ನೊಬ್ಬಳ ಕಿವಿಗಾ?
ಉಳಿದೋರು ನನ್ ಬಾಯ್ ನೋಡ್ಕಂಡ್ ಕೂತ್ಕಬೇಕಾ?"

ಕೆಳಗಿನ ಡ್ರಾಯರ್ ಎಳೆದೆ, ಸತ್ತ ಫೋನುಗಳ ಡ್ರಾಯರ್.
ಒಂದರ ಬ್ಯಾಟರಿ ಇನ್ನೊಂದಕ್ಕೆ,
ಇನ್ನೊಂದರ ಗುಂಡಿ ಮತ್ತೊಂದಕ್ಕೆ.
ಪರದೆ ಹೋಗಿದೆ, ಯಾರು ಕರೆದರೆಂದು ಕಾಣುವುದಿಲ್ಲ, ಅಂದೆ.
"ಯಾರ್ ಕರೆದ್ರೂ ಓ ಅನ್ನೋದೇ ತಾನೆ," ಅಂದರು.

ಪಿನ್ನು ಒಳಹೋಯಿತು. ಟಿಕ್.
ತಂತಿಯನ್ನು ಶಟರಿನ ಕೊಕ್ಕೆಗೆ ಹಾಕಿದರು ತಾವೇ.
ಕರಕರ, ಕರಕರ, ಆಮೇಲೆ ಒಂದು ಹೆಣ್ಣು ದನಿ:
ಬಂಡೀಪಾಳ್ಯದ ಮಾರುಕಟ್ಟೆಯಲ್ಲಿ ಇಂದು ಬೀನ್ಸು, ಮೂಲಂಗಿ...
ಪಕ್ಕದ ಬಳೆ ಅಂಗಡಿಯವನು ಲೆಕ್ಕ ನಿಲ್ಲಿಸಿ ಕತ್ತು ಚಾಚಿದ.

ರಾತ್ರಿ ಪುಸ್ತಕದಲ್ಲಿ ಬರೆದೆ:
ಬಾಲ ನಾಲ್ಕು, ಗಾಜು ಎರಡು, ರೇಡಿಯೊ ಒಂದು.
ರೇಡಿಯೊ ಮುಂದೆ ಎಷ್ಟು ಬರೆಯುವುದೋ ತೋಚದೆ
ಜಾಗ ಬಿಟ್ಟಿದ್ದೇನೆ.