ಸೋಪು ತಿಂದವಳು

ರಾತ್ರಿ ಪಾಳಿಯಲ್ಲಿ ನನ್ನ ಕೆಲಸ ಇಷ್ಟೇ:
ಬೆಲ್ಟಿನ ಮೇಲೆ ಸಾಗಿ ಬರುವ ಅನ್ನದ ಡಬ್ಬಿಯ
ನಟ್ಟನಡುವೆ ಒಂದು ಕೆಂಪು ಉಪ್ಪಿನಕಾಯಿ ಒತ್ತುವುದು.
ಗಂಟೆಗೆ ಒಂಬೈನೂರು ಡಬ್ಬಿ.
ಇಸೆಸಾಕಿಗೆ ಬಂದು ಹನ್ನೊಂದು ವರ್ಷ.

ಲಿಮಾದಲ್ಲಿ ನನ್ನನ್ನು, ಏ ಜಪಾನಿನವಳೇ, ಎಂದು ಕೂಗುತ್ತಿದ್ದರು.
ಇಲ್ಲಿ, ಏ ಪೆರುವಿನವಳೇ.
ಎರಡೂ ಕಡೆ ತಿರುಗಿ ನೋಡಿದ್ದೇನೆ.

ಅಜ್ಜ ಕಲಿಸಿದ ನಾಲ್ಕು ಮಾತು ಬಾಯಲ್ಲಿದ್ದವು.
ಮೊದಲ ಸಂಬಳದ ದಿನ ಮೇಸ್ತ್ರಿಗೆ ತಲೆಬಾಗಿ
'ನಿಫೆ ದೇಬಿರು' ಅಂದೆ, ಉಪಕಾರವಾಯಿತು ಅಂತ.
ಆತ ಕಿವಿ ಮುಂದೆ ಮಾಡಿ, ಏನದು, ಸ್ಪ್ಯಾನಿಷ್ಷಾ, ಅಂದ.
ಮತ್ತೆ ಆಡಲಿಲ್ಲ.
ಅಜ್ಜನೇ ತಪ್ಪು ಕಲಿಸಿದ್ದನೇನೋ!
ಕ್ಷೌರದಂಗಡಿಯವನು, ಗಿರಾಕಿಯ ತಲೆ ಕೈಯಲ್ಲಿರುವಷ್ಟು ಹೊತ್ತೂ
ಇಲ್ಲದ ಕತೆ ಹೇಳುತ್ತಿದ್ದವನು.
ನಮ್ಮನೆ ಬಾವಿಯ ನೀರು ಬೆಲ್ಲ, ಎನ್ನುತ್ತಿದ್ದ.

ಈ ಮೇ ತಿಂಗಳ ರಜೆಯಲ್ಲಿ, ಕೊನೆಗೂ,
ನಾಹಾಕ್ಕೆ ಅಗ್ಗದ ವಿಮಾನ, ಅಲ್ಲಿಂದ ಬಸ್ಸು.
ಅಜ್ಜನ ಪೆಟ್ಟಿಗೆಯ ತಳದಲ್ಲಿ ಸಿಕ್ಕ ಲಕೋಟೆ ಒಂದು.
ಈ ವಿಳಾಸ ಈಗ ತಂತಿಬೇಲಿಯ ಒಳಗಿದೆ,
ಅಮೆರಿಕದ ವಿಮಾನ ಇಳಿಯುತ್ತವಲ್ಲ, ಅಲ್ಲಿ,
ಅಂದಳು ಕಚೇರಿಯ ಹುಡುಗಿ,
ಇವತ್ತು ಮಳೆ ಬರಬಹುದು ಅನ್ನುವ ಹಾಗೆ.
ಆಮೇಲೆ ಎಲ್ಲಿಗೋ ಎರಡು ಫೋನು ಮಾಡಿದಳು.

ಹಾತ್ಸುಕೊ ಚಿನೆನ್. ಎಪ್ಪತ್ತಾರು ವರ್ಷ.
ಅಜ್ಜನ ತಮ್ಮನ ಮಗಳು. ನನಗೆ ಅತ್ತೆಯಾಗಬೇಕು.
ಬಾಗಿಲಲ್ಲಿ ನಿಂತವಳು ಅಪ್ಪಿಕೊಳ್ಳಲಿಲ್ಲ, ಅಳಲಿಲ್ಲ.
ನನ್ನ ಚಪ್ಪಲಿ ನೋಡಿದಳು. ಹುಬ್ಬು ನೋಡಿದಳು.
ಊಟ ಆಗಿಲ್ಲ ಅಲ್ಲವಾ, ಅಂದಳು.

ನನ್ನದು ಕಾರ್ಖಾನೆಯ ಜಪಾನೀ:
ಬೇಗ. ನಿಧಾನ. ಅಪಾಯ. ಕೈ ತೊಳಿ.
ಇಷ್ಟನ್ನೇ ಇಟ್ಟುಕೊಂಡು ಎಂಬತ್ತು ವರ್ಷ ಹೇಳುವುದು ಹೇಗೆ?
ಅವಳು ಹಾಗಲಕಾಯಿ ಸೀಳಿ, ತಿರುಳು ಕೆರೆದು,
ಉಪ್ಪು ಸವರಿ ಹಿಂಡತೊಡಗಿದಾಗ
ಕೇಳದೆಯೇ ಇನ್ನೊಂದು ಹಿಡಿ ಎತ್ತಿಕೊಂಡೆ.
ತಾರಸಿಯಲ್ಲಿ, ಎಣ್ಣೆ ಡಬ್ಬಿಯಲ್ಲಿ, ಅಜ್ಜ ಹಬ್ಬಿಸಿದ ಬಳ್ಳಿ ಅದು,
ನಾವು ಮಕ್ಕಳೆಲ್ಲ ಥೂ ಎಂದು ಉಗುಳುತ್ತಿದ್ದ ಕಾಯಿ.
ಅತ್ತೆ ನನ್ನ ಮುಷ್ಟಿಯನ್ನೇ ನೋಡಿ
ಇನ್ನೂ ಗಟ್ಟಿಯಾಗಿ, ಅಂದಳು.

ಬಾಣಲೆಗೆ ಮೊಟ್ಟೆ ಒಡೆಯುತ್ತ, ಬೆನ್ನು ಈ ಕಡೆ ಮಾಡಿಯೇ, ಹೇಳಿದಳು:
ಯುದ್ಧ ಮುಗಿದ ಮೂರನೇ ವರ್ಷ
ನಿನ್ನಜ್ಜನಿಂದ ಒಂದು ಪೆಟ್ಟಿಗೆ ಬಂತು.
ಹೂವಿನ ಚಿತ್ರದ ಕಾಗದ, ಒಳಗೆ ಗುಲಾಬಿ ಬಣ್ಣದ್ದು.
ನನಗೆ ಆರು ವರ್ಷ. ಮಿಠಾಯಿ ಅಂತ ಕಚ್ಚಿದೆ.
ನೊರೆ ಬಂತು.
ಉಗುಳಿದರೆ ಬೇರೆಯವರು ಎತ್ತಿಕೊಂಡಾರು ಅಂತ
ನುಂಗಿದೆ.
ದೊಡ್ಡಪ್ಪನಿಗೆ ಬರೆಯಬೇಕು ಅಂತಿದ್ದೆ.

ನಗಬೇಕೋ ಬೇಡವೋ ತಿಳಿಯಲಿಲ್ಲ.
ಅಷ್ಟರಲ್ಲಿ ಮನೆಯ ಮೇಲೆಯೇ ವಿಮಾನವೊಂದು ಹಾದು
ಕಿಟಕಿಯ ಗಾಜು ನಡುಗಿತು.
ಅತ್ತೆ ಸೌಟು ಎತ್ತಿ ಹಿಡಿದು ಕಾದಳು,
ನಾನೂ ಬಾಯಿ ತೆರೆದೇ ಕಾದೆ,
ಸದ್ದು ಪೂರ್ತಿ ಹೋಗುವವರೆಗೆ.

ತಟ್ಟೆ ಮುಂದಿಟ್ಟಾಗ ನನಗರಿವಿಲ್ಲದೆ ಹೊರಬಿತ್ತು:
ನಿಫೆ ದೇಬಿರು.

ಅವಳ ಕೈ ತಟ್ಟೆಯ ಅಂಚಿನಲ್ಲೇ ನಿಂತಿತು.
ನನ್ನ ಮಕ್ಕಳಿಗೇ ಬರುವುದಿಲ್ಲ ಇದು, ಅಂದಳು.
ಶಾಲೆಯಲ್ಲಿ ಈ ಮಾತಾಡಿದರೆ ಹೊಡೆಯುತ್ತಿದ್ದರು.
ಆಮೇಲೆ, ಸ್ವಲ್ಪ ಸಿಡುಕಿನಿಂದ:
ನಿಫೆ ಅಲ್ಲ. ನಿಫೇಏ. ಎಳೆಯಬೇಕು.
ಅವಸರದ ಮನುಷ್ಯ ಅಂತ ಅಪ್ಪ ಹೇಳುತ್ತಿದ್ದದ್ದು ನಿಜವೇ.
ಹದಿನೇಳಕ್ಕೇ ಹಡಗು ಹತ್ತಿದವನು.

ಎಳೆದೆ. ಇನ್ನೊಮ್ಮೆ, ಅಂದಳು. ಎಳೆದೆ.
ಪಲ್ಯ ಆರಿಹೋಯಿತು. ಕಹಿ ಹಾಗೇ ಇತ್ತು.

ಸೋಮವಾರ ರಾತ್ರಿ, ಪಾಳಿಗೆ ಮುನ್ನ,
ಕೈ ತೊಳೆಯಲು ಕಡ್ಡಾಯ ಮೂವತ್ತು ಸೆಕೆಂಡು.
ಯಾರೂ ನೋಡದಾಗ ಬೆರಳ ತುದಿಯ ನೊರೆ
ನಾಲಿಗೆಗೆ ಮುಟ್ಟಿಸಿದೆ.

ನುಂಗಲಾಗಲಿಲ್ಲ, ಅತ್ತೆ.
ಉಗುಳಿ, ಬಾಯಿ ಮುಕ್ಕಳಿಸಿ,
ಟೋಪಿಯೊಳಗೆ ಕೂದಲು ತುರುಕಿಕೊಂಡು
ಬೆಲ್ಟಿನ ಮುಂದೆ ನಿಂತೆ.