ನೀಲಿ ತಟ್ಟೆಯ ಲೆಕ್ಕ

ಐದೈದರಂತೆ ಎಣಿಸುತ್ತೇನೆ,
ನೀಲಿ ತಟ್ಟೆಯ ಮೇಲೆ, ಚಪ್ಪಟೆ ಕಡ್ಡಿಯಿಂದ ಸರಿಸಿ ಸರಿಸಿ.
ಕೊಟ್ಟದ್ದು ತೊಂಬತ್ತು. ನುಂಗಬೇಕಾದದ್ದು ಎಂಬತ್ತನಾಲ್ಕು.
ವಾಪಸು ಬಂದದ್ದು ಆರು.
ಫೌಸ್ತೀನೊನ ಲೆಕ್ಕ ಒಂದು ಸಲವೂ ತಪ್ಪಿಲ್ಲ.

ಸಾಲ್ತೀಯೊ ಊರಿನ ಬೇಕರಿಯವನು,
ಬೆಳಗಿನ ಜಾವ ಮೂರಕ್ಕೆ ಒಲೆ ಹೊತ್ತಿಸಿ
ಹುಬ್ಬಿನಲ್ಲಿ ಮೈದಾ ಇಟ್ಟುಕೊಂಡೇ ಇಲ್ಲಿಗೆ ಬರುತ್ತಾನೆ.
ಒಂದು ತೊಟ್ಟು ಕುಡಿದವನಲ್ಲ. ಆದರೂ ಲಿವರ್ ಎಂದ ಕೂಡಲೇ
ಬೀದಿಯವರೆಲ್ಲ ಕಣ್ಣು ಮಿಟುಕಿಸಿ
ಹೆಬ್ಬೆರಳನ್ನು ಬಾಯಿಗೆ ಎತ್ತುತ್ತಾರೆ.
ನನಗೆ ಕೊಬ್ಬು ಒಂದೇ ಕಡೆ, ಅವರಿಗೆ ಮೈಯೆಲ್ಲ, ಎನ್ನುತ್ತಾನೆ.

ಮಾತ್ರೆಯೊಳಗೆ ಏನಿದೆ, ನನಗೆ ಗೊತ್ತಿಲ್ಲ.
ಡಾಕ್ಟರ್ ಬೆರ್ಲಾಂಗಾಗೂ ಗೊತ್ತಿಲ್ಲ.
ಎಲ್ಲೋ ದೂರದ ಕಂಪ್ಯೂಟರಿಗೆ ಗೊತ್ತು;
ಅದು ಬಾಯಿ ಬಿಡುವುದು ಎಪ್ಪತ್ತೆರಡು ವಾರ ಕಳೆದ ಮೇಲೆ:
ಮದ್ದೋ, ಮದ್ದಿನ ವೇಷ ಹಾಕಿದ ಬರೀ ಹಿಟ್ಟೋ.
ಹಿಟ್ಟಾದರೆ ನನ್ನ ಕಸುಬೇ ಬಿಡಿ, ಎಂದು ನಕ್ಕಿದ್ದ
ಮೊದಲ ದಿನ ಸಹಿ ಹಾಕುತ್ತ.

ಪಕ್ಕೆಗೆ ಸೂಜಿ ಇಳಿಸಿ ತೆಗೆದದ್ದು
ಶಾವಿಗೆ ಎಳೆಯಷ್ಟು ಚೂರು.
ತೋರಿಸಿ ಎಂದ. ತೋರಿಸಿದೆ.
ಇಷ್ಟು ಬೆಳ್ಳಗೆ? ಎಂದ.
ಆಮೇಲೆ ಮಾತಿಲ್ಲ.

ನಲವತ್ತನೇ ವಾರ, ತಟ್ಟೆಯ ಮೇಲೆ ಆರು ಮಾತ್ರೆ,
ಮತ್ತೊಂದು ಅರ್ಧ.
ಅಂಚು ನೇರ. ಹಲ್ಲಿನಿಂದ ಕಚ್ಚಿದ್ದಲ್ಲ,
ಬ್ರೆಡ್ಡು ಕೊಯ್ದು ಪಳಗಿದ ಕೈ.

ನಾನು ಕೇಳಲಿಲ್ಲ. ಟೋಪಿಯನ್ನು ತೊಡೆಯ ಮೇಲೆ ತಿರುಗಿಸುತ್ತ
ಅವನೇ ಹೇಳಿದ: ನನ್ನ ಹೆಂಡತಿಗೂ ಇದೇ ಕಾಯಿಲೆ.
ವಯಸ್ಸು ಮೀರಿತೆಂದು ನೀವು ಸೇರಿಸಿಕೊಳ್ಳಲಿಲ್ಲ. ನೆನಪಿದೆಯಾ,
ಹಸಿರು ಕೋಟಿನವಳು, ಬಾಗಿಲ ಹತ್ತಿರ ಕೂತಿದ್ದಳು.
ನಲವತ್ತು ವರ್ಷದಲ್ಲಿ ಅವಳನ್ನು ಬಿಟ್ಟು ಏನೂ ತಿಂದವನಲ್ಲ ನಾನು.
ಮೊನ್ನೆ ಅವಳಿಗೆ ವಾಂತಿ, ತನ್ನ ಪಾಲು ಮುಟ್ಟಲಿಲ್ಲ.
ಎಸೆದರೆ ನಿಮ್ಮ ಲೆಕ್ಕ ಕೆಡುತ್ತದಲ್ಲ.

ಲೆಕ್ಕ!
ಸಾವಿರದಿನ್ನೂರು ಜನರ ಲಿವರುಗಳ ಸಾಲಿನಲ್ಲಿ
ಒಂದು ಕಳೆದ ಹತ್ತು ತಿಂಗಳಿಂದ ಅರ್ಧ ಹೊಟ್ಟೆಯಲ್ಲಿದೆ.
ನಾಳೆ ಮದ್ದು ಸೋತರೆ ಆ ಸೋಲಿನಲ್ಲಿ
ಒಂದು ಚಾಕುವಿನ ಪಾಲೂ ಇರುತ್ತದೆ. ಅಥವಾ
ಇಬ್ಬರೂ ಹಂಚಿಕೊಂಡದ್ದು ಹಿಟ್ಟನ್ನೇ ಇರಬಹುದು.
ಫಾರಮ್ಮಿನಲ್ಲಿ ಮರೆತದ್ದಕ್ಕೆ ಚೌಕವಿದೆ,
ಕಳೆದುಕೊಂಡದ್ದಕ್ಕೆ ಇದೆ, ಕಕ್ಕಿದ್ದಕ್ಕೂ ಇದೆ.
ಅಂಚಿನ ಖಾಲಿ ಜಾಗದಲ್ಲಿ ಬರೆಯತೊಡಗಿದೆ.

ಅವಳ ಹೆಸರೂ ಹಾಕಿ, ಎಂದ.
ಒಬ್ದೂಲಿಯಾ. ನಡುವೆ ಒಂದು ಬ ಇದೆ,
ಎಲ್ಲರೂ ಅದನ್ನು ನುಂಗಿಬಿಡುತ್ತಾರೆ.